ಭಾನುವಾರದ ವಿಶ್ವಾಸಿಯನ್ನು ಶಿಷ್ಯನನ್ನಾಗಿ ಬೆಳೆಸುವುದು ಹೇಗೆ: ಕಾಲುವೆ ಸೀಮೆಯ ಸಭೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಸಿಂಧನೂರು ತಾಲ್ಲೂಕಿನ ನಮ್ಮ ಸಭೆಯಲ್ಲಿ ಇಪ್ಪತ್ತು ವರ್ಷದಿಂದ ಮುಂದಿನ ಸಾಲಿನಲ್ಲೇ ಕೂರುವ ಹಿರಿಯರೊಬ್ಬರಿದ್ದಾರೆ. ಕಾಣಿಕೆ ಲೆಕ್ಕ ಅವರದೇ, ಉಪವಾಸ ಪ್ರಾರ್ಥನೆಗೆ ಎಲ್ಲರಿಗಿಂತ ಮುಂಚೆ ಬಂದು ಚಾಪೆ ಹಾಸುವವರೂ ಅವರೇ. ಒಂದು ಸಂಜೆ ಮನೆಗೆ ಬಂದು, "ಪಾಸ್ಟ್ರೇ, ದೊಡ್ಡ ಮಗನ ಮದುವಿ ಮಾತು ಮುಗೀತ್ರಿ. ಐದು ತೊಲಿ ಬಂಗಾರ, ಒಂದು ಗಾಡಿ ಅಂತ ಒಪ್ಪಿಗಿ ಆಗೈತಿ. ಬಂದು ಒಂದು ಸ್ತುತಿ ಪ್ರಾರ್ಥನಿ ಮಾಡಿಬಿಡ್ರಿ" ಅಂದರು. ಅವರ ಮುಖದಲ್ಲಿ ಅಳುಕೇ ಇರಲಿಲ್ಲ. ನಾನು ಹೋದೆ, ಪ್ರಾರ್ಥನೆ ಮಾಡಿದೆ, ಊಟ ಮಾಡಿ ಬಂದೆ.

ರಾತ್ರಿ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷ ಅಂದರೆ ಸಾವಿರಕ್ಕೂ ಮಿಕ್ಕಿದ ಭಾನುವಾರ. ಅಷ್ಟು ಪ್ರಸಂಗ ಕೇಳಿದ ಮನುಷ್ಯನಿಗೆ ವರದಕ್ಷಿಣೆಗೂ ವಿಶ್ವಾಸಕ್ಕೂ ಏನಾದರೂ ಸಂಬಂಧ ಇದೆ ಅನ್ನಿಸಿಯೇ ಇರಲಿಲ್ಲ. ಅವರನ್ನು ಬೈದು ಏನು ಫಲ? ಈ ಇಪ್ಪತ್ತು ವರ್ಷದಲ್ಲಿ ಅವರ ಪಕ್ಕ ಕೂತು ದುಡ್ಡಿನ ವಿಷಯ ಮಾತಾಡಿದವರು ಒಬ್ಬರೂ ಇಲ್ಲ. ನನ್ನ ಹಿಂದಿನ ಪಾಸ್ಟರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಹನ್ನೆರಡು ಪಾಠದ ಪುಸ್ತಿಕೆ ಅಚ್ಚು ಹಾಕಿಸಿ, ವಾರಕ್ಕೊಂದು ಪಾಠ, ಕೊನೆಗೆ ಸರ್ಟಿಫಿಕೇಟ್ ಅಂತ ಜೋರಾಗಿ ಪ್ರಕಟಣೆ ಮಾಡಿದೆ. ಜುಲೈನಲ್ಲಿ ಚರ್ಚ್ ತುಂಬಾ ಜನ ಹೆಸರು ಕೊಟ್ಟರು. ಆಗಸ್ಟ್‌ನಲ್ಲಿ ಕಾಲುವೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು, ಐದನೆಯ ಪಾಠಕ್ಕೆ ನಾಲ್ಕು ಜನ ಉಳಿದರು. ಆ ನಾಲ್ವರಲ್ಲಿ ಇಬ್ಬರಿಗೆ ಓದಲು ಬರುತ್ತಿರಲಿಲ್ಲ.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು, ವಿಲಿಯಂ ರೀವ್ ಮುಂತಾದವರ ಜೊತೆ ದುಡಿದು, ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗುವಷ್ಟರಲ್ಲಿ 1831 ಆಗಿತ್ತು. ಪುಸ್ತಕ ನಮ್ಮ ಮಾತಿಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಆ ಪುಸ್ತಕ ಒಬ್ಬ ಮನುಷ್ಯನ ಅಡುಗೆಮನೆಗೆ, ಜೇಬಿಗೆ, ನಾಲಿಗೆಗೆ ಇಳಿಯಲು ಹನ್ನೆರಡು ವಾರ ಸಾಕು ಅಂದುಕೊಂಡಿದ್ದೆ ನಾನು.

ಕೆಳಗೆ ಬರೆದಿರುವುದು ಆ ಪುಸ್ತಿಕೆಯನ್ನು ಕಟ್ಟಿಟ್ಟ ಮೇಲೆ ಕಲಿತದ್ದು. ನಿಮ್ಮದು ಸಿ.ಎಸ್.ಐ. ಇರಲಿ, ಮೆಥೊಡಿಸ್ಟ್ ಇರಲಿ, ಪೆಂತೆಕೊಸ್ತ್ ಇರಲಿ, ಹೊಲದ ಬದಿಯ ತಗಡಿನ ಶೆಡ್ಡಿನ ಸ್ವತಂತ್ರ ಸಭೆಯೇ ಇರಲಿ, ಮೂಲ ಕೆಲಸ ಒಂದೇ.

ಹಂತ 1: ಹಾಜರಿ ಪುಸ್ತಕ ಬದಿಗಿಟ್ಟು ಬೇರೊಂದು ನೋಟ್‌ಬುಕ್ ತೆರೆಯಿರಿ

ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಮನೆಗೊಂದು ಪುಟ. ಮನೆಯಲ್ಲಿ ಯಾರ್ಯಾರಿದ್ದಾರೆ, ಏನು ದುಡಿಮೆ, ಓದಲು ಯಾರಿಗೆ ಬರುತ್ತದೆ, ಮನೆಮಾತು ಕನ್ನಡವೋ ತೆಲುಗೋ (ನಮ್ಮ ಕಡೆ ತೆಲುಗಿನವರು ಬಂದು ನೆಲೆಸಿದ ಕ್ಯಾಂಪುಗಳಲ್ಲಿ ಇದು ದೊಡ್ಡ ವಿಷಯ), ಗುಳೆ ಹೋಗುತ್ತಾರೋ, ಹೋದರೆ ಯಾವ ತಿಂಗಳು, ಎಲ್ಲಿಗೆ. ಕೊನೆಗೆ ಒಂದು ಸಾಲು: ಈ ಮನೆಯಲ್ಲಿ ಪ್ರಾರ್ಥನೆ ಮಾಡುವವರು ಯಾರು, ಪಾಸ್ಟರ್ ಬಂದಾಗ ಬಿಟ್ಟು?

ಇದನ್ನು ಚರ್ಚಿನಲ್ಲಿ ಕೂತು ತುಂಬಿಸಲು ಆಗುವುದಿಲ್ಲ, ಮನೆಗೆ ಹೋಗಬೇಕು. ಸಂಜೆ ಏಳರ ಮೇಲೆ ಹೋಗಿ, ರೊಟ್ಟಿ ಬಡಿಯುವ ಹೊತ್ತಿಗೆ. ಒಲೆ ಮುಂದೆ ಆಡುವ ಮಾತು ಪುಲ್ಪಿಟ್ ಮುಂದೆ ಬರುವುದಿಲ್ಲ. ಹೋದಾಗ ಬೈಬಲ್ ಓದಿ ಉಪದೇಶ ಮಾಡಲು ಆತುರ ಬೇಡ. ಮೊದಲ ಸುತ್ತು ಕೇಳುವುದಕ್ಕೆ ಮಾತ್ರ.

ಒಂದು ಸುತ್ತು ಮುಗಿದ ಮೇಲೆ ನೋಟ್‌ಬುಕ್ ತಿರುವಿ ಹಾಕಿ. ಇಬ್ರಿಯರಿಗೆ ಬರೆದ ಪತ್ರದ 5ನೇ ಅಧ್ಯಾಯದ ಕೊನೆಗೆ ಹಾಲು ಕುಡಿಯುವವರು, ಗಟ್ಟಿ ಆಹಾರ ತಿನ್ನುವವರು ಅನ್ನುವ ಮಾತು ಇದೆಯಲ್ಲ, ಆ ಕಣ್ಣಿನಿಂದ ನೋಡಿದರೆ ನಿಮ್ಮ ಸಭೆ ಬೇರೆಯಾಗಿಯೇ ಕಾಣುತ್ತದೆ. ಮೂವತ್ತು ವರ್ಷದ ಹಳೇ ವಿಶ್ವಾಸಿ ಇನ್ನೂ ಹಾಲಿನಲ್ಲೇ ಇರಬಹುದು. ಹೋದ ವರ್ಷ ದೀಕ್ಷಾಸ್ನಾನ ತೆಗೆದುಕೊಂಡ ಸೊಸೆ ಆಗಲೇ ನೆರೆಮನೆಯ ಬಾಣಂತಿಗೆ ಗಂಜಿ ಒಯ್ದು ಕೊಟ್ಟು ಅವಳಿಗಾಗಿ ಪ್ರಾರ್ಥಿಸುತ್ತಿರಬಹುದು.

ಹಂತ 2: ಮೂವರನ್ನು ಆರಿಸಿ, ಹೆಚ್ಚೆಂದರೆ ನಾಲ್ವರು

ಭತ್ತ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಸಿಮಡಿಯಲ್ಲಿ ಸಸಿ ಒತ್ತಾಗಿ, ಹಸಿರಾಗಿ, ಕಣ್ಣಿಗೆ ಹಬ್ಬವಾಗಿ ಕಾಣುತ್ತದೆ. ಅಲ್ಲೇ ಬಿಟ್ಟರೆ ಹಳದಿ ತಿರುಗಿ ಮುದಿಯಾಗುತ್ತದೆ. ಕಿತ್ತು, ಅಂತರ ಕೊಟ್ಟು, ಒಂದೊಂದಾಗಿ ನೆಡಬೇಕು. ಭಾನುವಾರದ ಆರಾಧನೆ ಸಸಿಮಡಿ. ಅದು ಬೇಕೇ ಬೇಕು. ರಾಶಿ ಮಾತ್ರ ಅಲ್ಲಿ ಆಗುವುದಿಲ್ಲ.

ಯೇಸುವಿನ ಹಿಂದೆ ಜನಜಂಗುಳಿ ಇತ್ತು, ಆದರೂ ಹನ್ನೆರಡು ಜನರನ್ನು ಆರಿಸಿದ. ಮಾರ್ಕ 3:14ರಲ್ಲಿ ಅವರನ್ನು ಯಾಕೆ ಆರಿಸಿದ ಎಂಬುದಕ್ಕೆ ಮೊದಲ ಕಾರಣ ತನ್ನ ಸಂಗಡ ಇರಲಿ ಎಂಬುದು. ಸಾರುವುದಕ್ಕೆ ಕಳಿಸುವುದು ಅದರ ನಂತರ ಬರುತ್ತದೆ. ಎರಡನೇ ತಿಮೊಥೆಯ 2:2ರಲ್ಲಿ ಪೌಲ ನಾಲ್ಕು ತಲೆಮಾರು ಎಣಿಸುತ್ತಾನೆ: ತಾನು, ತಿಮೊಥೆಯ, ನಂಬಿಗಸ್ತರು, ಆ ನಂಬಿಗಸ್ತರಿಂದ ಕಲಿಯುವವರು. ನೀವು ಹಿಡಿಯುವ ಮೂವರು ಎರಡನೇ ತಲೆಮಾರು ಅಂತ ತಿಳಿಯಿರಿ. ನಾಲ್ಕನೆಯದನ್ನು ನೀವು ನೋಡದೆಯೂ ಹೋಗಬಹುದು.

ಯಾರನ್ನು ಆರಿಸಬೇಕು ಅನ್ನುವುದಕ್ಕಿಂತ ಯಾರನ್ನು ಆರಿಸಬಾರದು ಅಂತ ಹೇಳುವುದು ಸುಲಭ. ಕಂಠ ಚೆನ್ನಾಗಿದೆ, ಕೀಬೋರ್ಡ್ ನುಡಿಸುತ್ತಾನೆ ಅಂತ ಆರಿಸಬೇಡಿ. ದೊಡ್ಡ ಕಾಣಿಕೆ ಕೊಡುವವರ ಮಗ ಅಂತಲೂ ಬೇಡ. ಕೂಟ ಮುಗಿದ ಮೇಲೆ ಯಾರೂ ಹೇಳದೆ ಚಾಪೆ ಸುತ್ತುವವರು, ಗೊತ್ತಿಲ್ಲದ್ದನ್ನು "ನನಗ ಇದು ತಿಳೀಲಿಲ್ರಿ" ಎಂದು ಬಾಯಿಬಿಟ್ಟು ಹೇಳುವವರು, ಹೇಳಿದ ಹೊತ್ತಿಗೆ ಬರುವವರು, ಇಂಥವರನ್ನು ಹುಡುಕಿ. ಮೂವರಲ್ಲಿ ಒಬ್ಬರಾದರೂ ಓದು ಬಾರದವರಿದ್ದರೆ ಒಳ್ಳೆಯದು. ಕಾರಣ ಮುಂದೆ ಬರುತ್ತದೆ.

ನಾನು ಮೊದಲ ಸಲ ಹಿಡಿದ ಮೂವರು: ಗಾರೆ ಕೆಲಸದವನೊಬ್ಬ, ಅಂಗನವಾಡಿ ಸಹಾಯಕಿಯ ಗಂಡ, ಮತ್ತು ಆ ಹಿರಿಯರ ಕಿರಿಯ ಮಗ. ಕೊನೆಯವನನ್ನು ಸೇರಿಸುವಾಗ ಸಂಕೋಚವಾಗಿತ್ತು, ಖಜಾಂಚಿಯ ಮಗ ಅಂತ ಜನ ಆಡಿಕೊಂಡಾರು ಅಂತ. ಅವನೇ ಬಂದು ಕೇಳಿದ, ಸೇರಿಸಿಕೊಂಡೆ.

ಹೆಂಗಸರ ಜೊತೆ ಹೆಂಗಸರೇ ಕೂರಲಿ. ಪಾಸ್ಟರಮ್ಮನ ಮೇಲೇ ಎಲ್ಲ ಹೊರೆ ಹಾಕಬೇಡಿ; ಸಭೆಯಲ್ಲಿ ಮಕ್ಕಳನ್ನು ದಡ ಮುಟ್ಟಿಸಿದ, ಸೊಸೆಯಂದಿರ ಬಾಯಲ್ಲಿ ಒಳ್ಳೇ ಹೆಸರಿರುವ ಅವ್ವಂದಿರು ಇರುತ್ತಾರೆ. ಅಪೊಲ್ಲೋಸನಂಥ ಪಂಡಿತನನ್ನು ಮನೆಗೆ ಕರೆದು ತಿದ್ದಿದವರಲ್ಲಿ ಪ್ರಿಸ್ಕಿಲ್ಲಳೂ ಇದ್ದಳು (ಅಪೊಸ್ತಲರ ಕೃತ್ಯಗಳು 18:26). ನಮ್ಮಲ್ಲಿ ಹೆಂಗಸರನ್ನು ಕಾಫಿಗೂ ಕೋರಸ್‌ಗೂ ನಿಲ್ಲಿಸಿಬಿಟ್ಟಿದ್ದೇವೆ.

ಹಂತ 3: ಮೊದಲೇ ಮಾತಾಗಲಿ

ಮೊದಲ ದಿನವೇ ನಾಲ್ಕು ಮಾತು ಗಟ್ಟಿ ಮಾಡಿಕೊಳ್ಳಿ. ಎಷ್ಟು ಕಾಲ: ಒಂದು ಪೂರ್ತಿ ವರ್ಷ, ಅಂದರೆ ಒಂದು ಮುಂಗಾರಿನಿಂದ ಇನ್ನೊಂದು ಮುಂಗಾರಿಗೆ. ವಾರಕ್ಕೆ ಎಷ್ಟು ಹೊತ್ತು: ಒಂದೂವರೆ ತಾಸು, ಮೀರಬಾರದು. ಎಲ್ಲಿ: ಸರದಿಯ ಮೇಲೆ ಅವರವರ ಮನೆಯಲ್ಲಿ, ನಿಮ್ಮ ಮನೆಯೂ ಆ ಸರದಿಯಲ್ಲಿ ಇರಲಿ.

ನಾಲ್ಕನೆಯದು ಗುಟ್ಟಿನ ಮಾತು. ಇಲ್ಲಿ ಆಡಿದ್ದು ಹೊರಗೆ ಹೋಗಬಾರದು, ಪ್ರಾರ್ಥನಾ ವಿಜ್ಞಾಪನೆಯ ನೆಪದಲ್ಲೂ ಹೋಗಬಾರದು. "ಆ ತಮ್ಮನಿಗಾಗಿ ಪ್ರಾರ್ಥಿಸೋಣ, ಅವನ ಸಮಸ್ಯೆ ದೇವರಿಗೆ ಗೊತ್ತು" ಎಂದು ಮೈಕಿನಲ್ಲಿ ಹೇಳಿದರೆ ಇಡೀ ಊರಿಗೆ ಗೊತ್ತಾಯಿತು ಅಂತಲೇ ಅರ್ಥ. ಆದರೆ ಗುಟ್ಟಿಗೂ ಒಂದು ಗಡಿ ಇದೆ, ಅದನ್ನೂ ಮೊದಲ ದಿನವೇ ಹೇಳಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಪಾಸ್ಟರ್ ಆದರೂ, ಹಿರಿಯರಾದರೂ ವಿನಾಯಿತಿ ಇಲ್ಲ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಸಭೆಯ ಮರ್ಯಾದೆ ಹೋಗುತ್ತದೆ ಅಂತ ಒಳಗೊಳಗೇ ರಾಜಿ ಮಾಡಿಸುವುದು ಪಾಪವೂ ಹೌದು, ಅಪರಾಧವೂ ಹೌದು. ಹದಿನೆಂಟು ತುಂಬದವರ ಜೊತೆ ಕೂರುವುದಾದರೆ ಬಾಗಿಲು ತೆರೆದಿರಲಿ, ತಂದೆತಾಯಿಗೆ ಗೊತ್ತಿರಲಿ.

ಹಂತ 4: ವರ್ಷದ ಯೋಜನೆ ಕಾಲುವೆ ನೀರಿನ ಲೆಕ್ಕದಲ್ಲಿ

ಊರಿನ ಕ್ಯಾಲೆಂಡರ್ ತಿಳಿಯದೆ ಮಾಡಿದ ಯೋಜನೆ ಉಳಿಯುವುದಿಲ್ಲ. ಮುನಿರಾಬಾದಿನಿಂದ ಹೊರಟ ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಗೆ ಹರಿದಂತೆ ಕೂಲಿಯ ದಿನಗಳೂ ಹರಿಯುತ್ತವೆ. ನಾಟಿ, ಕಳೆ, ರಾಶಿಯ ಕಾಲದಲ್ಲಿ ಬೆಳಿಗ್ಗೆ ಟಂಟಂ ಹತ್ತಿದ ಹೆಣ್ಣುಮಗಳು ಮನೆ ಸೇರುವುದು ಸಂಜೆ, ಆಮೇಲೆ ಅಡುಗೆ. ಆಗ ಅವಳನ್ನು ಕೂಟಕ್ಕೆ ಕರೆಯುವುದು ಹಿಂಸೆ. ಆ ವಾರಗಳಲ್ಲಿ ಹದಿನೈದು ನಿಮಿಷ ಸಾಕು: ಒಂದು ಕಥೆ ಕೇಳಿಸುವುದು, ಒಂದು ಪ್ರಾರ್ಥನೆ. ಗಟ್ಟಿ ಕಲಿಕೆಯನ್ನು ನಾಟಿ ಮುಗಿದು ಕೊಯ್ಲು ಬರುವ ನಡುವಿನ ಬಿಡುವಿನಲ್ಲೂ, ಬೇಸಿಗೆಯ ದಿನಗಳಲ್ಲೂ ಇಟ್ಟುಕೊಳ್ಳಿ.

ಕುಷ್ಟಗಿ, ಲಿಂಗಸುಗೂರು, ದೇವದುರ್ಗದಂಥ ಒಣಬೇಸಾಯದ ಕಡೆ ಲೆಕ್ಕ ಬೇರೆ. ಅಲ್ಲಿ ಬೆಳೆ ಕೈಗೆ ಬಂದ ಮೇಲೆ, ಬಾರದಿದ್ದರೆ ಅದಕ್ಕೂ ಮುಂಚೆ, ಬೆಂಗಳೂರು, ಪುಣೆ, ಮುಂಬಯಿ ಅಂತ ಮನೆಗೆ ಬೀಗ ಬೀಳುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಆರ್ಡರ್ ಬಂದಾಗ ರಾತ್ರಿಯೂ ಹಗಲೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ದುಡಿಯುವವರಿಗೆ ಶಿಫ್ಟ್ ನೋಡಿಕೊಂಡು ದಿನ ಬದಲಿಸಬೇಕು. ಭಾನುವಾರ ಬರಲಿಲ್ಲ ಅಂತ ಮುಖ ಗಂಟಿಕ್ಕಿಕೊಳ್ಳುವ ಮೊದಲು ಅವರ ಶಿಫ್ಟ್ ಯಾವುದು ಅಂತ ಕೇಳಿ.

ಹಂತ 5: ವಾರದ ಕೂಟ ನಡೆಸುವ ಬಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕೆಡುವುದು ಇಲ್ಲಿಯೇ. ಪಾಸ್ಟರ್ ಆದವನಿಗೆ ಬಾಯಿ ಮುಚ್ಚಿ ಕೂರುವುದು ಬಹಳ ಕಷ್ಟ. ನಾಲ್ಕು ಜನರ ಕೂಟದಲ್ಲಿ ನೀವು ಅರ್ಧಕ್ಕಿಂತ ಹೆಚ್ಚು ಹೊತ್ತು ಮಾತಾಡಿದರೆ ಅದು ಸಣ್ಣ ಪ್ರಸಂಗ ಆಯಿತು, ಅಷ್ಟೇ.

ಚಹಾದಿಂದ ಶುರು ಮಾಡಿ. ಮೊದಲ ಇಪ್ಪತ್ತು ನಿಮಿಷ ಹೋದ ವಾರದ ಮಾತು: ಮಾಡುತ್ತೇನೆ ಅಂದದ್ದನ್ನು ಮಾಡಿದೆಯಾ, ಮಾಡದಿದ್ದರೆ ಏನು ಅಡ್ಡ ಬಂತು. ತಪ್ಪು ಹುಡುಕುವ ದನಿ ಬೇಡ. ಮೊದಲು ನಿಮ್ಮದೇ ಸೋಲು ಹೇಳಿ, ಆಗ ಅವರ ಬಾಯಿ ತೆರೆಯುತ್ತದೆ.

ನಂತರ ವಾಕ್ಯ. ಮೊದಲ ಆರು ತಿಂಗಳಿಗೆ ಮಾರ್ಕನ ಸುವಾರ್ತೆ ಬಿಟ್ಟು ಬೇರೆ ಕಡೆ ಹೋಗಬೇಡಿ. ಹದಿನಾರೇ ಅಧ್ಯಾಯ, ಚುರುಕಾದ ಕಥನ, ದೋಣಿ, ಬಲೆ, ಬೀಜ, ಹೊಲ, ಹಸಿವು, ರೋಗ, ತೆರಿಗೆ. ನಮ್ಮ ಜನಕ್ಕೆ ಇದರಲ್ಲಿ ಪರಕೀಯವಾದದ್ದು ಕಡಿಮೆ. ಆಮೇಲೆ ಯಾಕೋಬನ ಪತ್ರ, ಐದು ಅಧ್ಯಾಯ. ಪ್ರಕಟನೆ ಗ್ರಂಥದ ಮೃಗಗಳಿಗೂ ಕೊನೆಯ ದಿನಗಳ ಲೆಕ್ಕಕ್ಕೂ ಬೇಗ ಕೈಹಾಕಬೇಡಿ. ಯೂಟ್ಯೂಬ್ ನೋಡಿ ಅದನ್ನೇ ಕೇಳುವ ಒಬ್ಬ ಎಲ್ಲ ಸಭೆಯಲ್ಲೂ ಇರುತ್ತಾನೆ. ಅವನಿಗೆ ನಗುತ್ತಾ "ಮಾರ್ಕ ಮುಗೀಲಿ ತಮ್ಮಾ" ಅನ್ನಿ.

ಒಂದು ಕೂಟಕ್ಕೆ ಒಂದೇ ಘಟನೆ. ಒಬ್ಬರು ಓದಲಿ, ಇನ್ನೊಬ್ಬರು ಪುಸ್ತಕ ಮುಚ್ಚಿ ತಮ್ಮ ಮಾತಿನಲ್ಲಿ ಕಥೆ ಹೇಳಲಿ, ಬಿಟ್ಟುಹೋದದ್ದನ್ನು ಉಳಿದವರು ಸೇರಿಸಲಿ. ಓದು ಬಾರದವರು ಇಲ್ಲಿ ಎಲ್ಲರಿಗಿಂತ ಮುಂದಿರುತ್ತಾರೆ. ಬಯಲಾಟ ನೋಡಿ, ಹಂತಿ ಪದ ಕೇಳಿ ಬೆಳೆದ ಕಿವಿಗಳು ಅವು. ಒಂದು ಸಲ ಕೇಳಿದ ಕಥೆಯಲ್ಲಿ ಒಂದು ಎಳೆಯೂ ತಪ್ಪುವುದಿಲ್ಲ. ಹಳೇ ಅನುವಾದದ ಕನ್ನಡ ತೊಡಕಾದರೆ ಸರಳ ಅನುವಾದ ಬಳಸಿ. ಮೊಬೈಲಿನಲ್ಲಿ ಕನ್ನಡ ಧ್ವನಿ ಬೈಬಲ್ ಪುಕ್ಕಟೆ ಸಿಗುತ್ತದೆ, ಹಾಕಿಕೊಡಿ. ಕ್ಯಾಂಪಿನವರು ತೆಲುಗಿನಲ್ಲಿ ಓದಲಿ, ಮಾತು ಕನ್ನಡದಲ್ಲಿ ಆಗಲಿ, ಯಾರಿಗೂ ನಷ್ಟವಿಲ್ಲ.

ಕಥೆ ಆದ ಮೇಲೆ ನಾಲ್ಕೇ ಪ್ರಶ್ನೆ. ಇದರಲ್ಲಿ ದೇವರ ಬಗ್ಗೆ ಏನು ತಿಳಿಯಿತು? ಇದರಲ್ಲಿ ನೀನು ಯಾರು? ಇದು ನಿಜವಾದರೆ ನಿನ್ನ ಮನೆಯಲ್ಲಿ ಏನು ಬದಲಾಗಬೇಕು? ಮುಂದಿನ ವಾರದೊಳಗೆ ಏನು ಮಾಡುತ್ತೀ? ಕೊನೆಯ ಪ್ರಶ್ನೆಗೆ "ಇನ್ನೂ ಹೆಚ್ಚು ಪ್ರಾರ್ಥನೆ ಮಾಡ್ತೀನ್ರಿ" ಅನ್ನುವ ಉತ್ತರ ಒಪ್ಪಬೇಡಿ. ಯಾರ ಹತ್ತಿರ ಹೋಗುತ್ತೀ, ಯಾವ ದಿನ, ಏನು ಹೇಳುತ್ತೀ ಅಂತ ಕೇಳಿ. ಗಾರೆ ಕೆಲಸದವನು ಒಮ್ಮೆ, "ನನ್ನ ತಮ್ಮನ ಕೂಡ ಮೂರು ವರ್ಷದಿಂದ ಮಾತಿಲ್ರಿ, ಬುಧವಾರ ಸಂತಿಗೆ ಬರ್ತಾನ, ಮಾತಾಡಿಸ್ತೀನಿ" ಅಂದ. ನಮಗೆ ಬೇಕಾದದ್ದು ಇಂಥ ಉತ್ತರ. ತಮ್ಮ ಮಾತಾಡಲಿಲ್ಲ, ಮುಖ ತಿರುಗಿಸಿ ಹೋದ. ಮುಂದಿನ ವಾರ ಅದನ್ನೇ ಹಿಡಿದು ಒಂದು ತಾಸು ಮಾತಾಡಿದೆವು.

ಕೆಲವು ವಾರ ನಿಮ್ಮ ಯೋಜನೆಯನ್ನು ಮಡಚಿ ಇಡಬೇಕಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತಲ್ಲ, ಆ ವಾರ ನಮ್ಮ ಸೀಮೆಯಲ್ಲಿ ಯಾರ ತಲೆಯಲ್ಲೂ ಬೇರೆ ಮಾತಿರಲಿಲ್ಲ. ನೆಟ್ಟ ಭತ್ತ ಏನಾಗುತ್ತದೆ, ಕೂಲಿ ಏನಾಗುತ್ತದೆ, ಸಂಘದ ಕಂತು ಹೇಗೆ ಕಟ್ಟುವುದು. ನಾನು ಬಿತ್ತುವವನ ಸಾಮ್ಯ ಇಟ್ಟುಕೊಂಡಿದ್ದೆ. ಬಿಟ್ಟು, ಅದೇ ಅಧ್ಯಾಯದ ಕೊನೆಯ ಬಿರುಗಾಳಿ ಕಥೆ ಓದಿಸಿದೆ. ದೋಣಿ ಮುಳುಗುವಾಗ ಶಿಷ್ಯರು ಯೇಸುವನ್ನು ಎಬ್ಬಿಸಿ, ನಾವು ಸಾಯುತ್ತಿದ್ದರೂ ನಿನಗೆ ಚಿಂತೆಯಿಲ್ಲವೇ ಎಂದು ಕೇಳುತ್ತಾರೆ. ಆ ಮನೆಯ ಮುದುಕಿ, ಗುಂಪಿಗೆ ಸೇರಿದವಳೇ ಅಲ್ಲ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದವಳು, "ಅಷ್ಟು ಬೈದ್ರೂ ಅವರನ್ನ ದೋಣಿಯಿಂದ ಇಳಸಲಿಲ್ಲ ನೋಡ್ರಿ" ಅಂದಳು. ನಾನು ಇಷ್ಟು ವರ್ಷ ಆ ಭಾಗದ ಮೇಲೆ ಪ್ರಸಂಗ ಮಾಡಿದ್ದೇನೆ, ಆ ಮಾತು ನನಗೆ ಹೊಳೆದಿರಲಿಲ್ಲ.

ಕೊನೆಗೆ ಪ್ರಾರ್ಥನೆ, ಚಿಕ್ಕದಾಗಿ, ಮನೆಮಾತಿನಲ್ಲಿ. ಪಾಸ್ಟರ್ ದನಿ ಅನುಕರಿಸುವ, "ಪರಿಶುದ್ಧನೇ, ಪರಮೋನ್ನತನೇ" ಎಂದು ಐದು ನಿಮಿಷ ಬಿರುದುಗಳಲ್ಲೇ ಕಳೆಯುವ ಅಭ್ಯಾಸವನ್ನು ಮೆಲ್ಲಗೆ ಬಿಡಿಸಿ. ಅವ್ವನ ಹತ್ತಿರ ಮಾತಾಡುವ ಹಾಗೆ ಮಾತಾಡು ಅನ್ನಿ. ಹೀಗೆ ಪ್ರಾರ್ಥಿಸಲು ಬಂದವರು ಮನೆಯಲ್ಲಿ ಕುಟುಂಬ ಪ್ರಾರ್ಥನೆ ನಡೆಸಲು ಹೆದರುವುದಿಲ್ಲ.

ಹಂತ 6: ದುಡ್ಡು, ಕುಡಿತ, ಜಾತಿ

ಆರು ತಿಂಗಳು ಕಳೆದು ಸಲಿಗೆ ಬೆಳೆದ ಮೇಲೆ ಈ ಮೂರನ್ನು ಎತ್ತಲೇಬೇಕು. ಎತ್ತದಿದ್ದರೆ ಮೇಲೆ ಹೇಳಿದ ಹಿರಿಯರಂಥವರು ಇನ್ನೂ ಮೂವರು ತಯಾರಾಗುತ್ತಾರೆ.

ದುಡ್ಡಿಗೆ ತೆರಿಗೆ ವಸೂಲಿಯ ಜಕ್ಕಾಯನ ಕಥೆ (ಲೂಕ 19) ಹಿಡಿಯಿರಿ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್. ಆಮೇಲೆ ಒಂದು ಬಿಳಿ ಹಾಳೆ ಕೊಟ್ಟು, ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಸಾಲ ಯಾಕೆ ಮಾಡಿದ್ದು ಅಂತ ಬರೆಯಲು ಹೇಳಿ. ಗಂಡ ಹೆಂಡತಿ ಕೂಡಿ ಬರೆಯಲಿ. ಎಷ್ಟೋ ಮನೆಯಲ್ಲಿ ಹೆಂಡತಿ ಹೆಸರಿನಲ್ಲಿ ಸಂಘದ ಸಾಲ ಇರುತ್ತದೆ, ದುಡ್ಡು ಎಲ್ಲಿ ಹೋಯಿತು ಅನ್ನುವುದು ಅವಳಿಗೇ ಗೊತ್ತಿರುವುದಿಲ್ಲ. ವರದಕ್ಷಿಣೆಯ ಮಾತು ಇಲ್ಲೇ ಬರಬೇಕು. ತೆಗೆದುಕೊಳ್ಳುವುದೂ ಕೊಡುವುದೂ 1961ರ ಕಾಯ್ದೆಯಿಂದ ಅಪರಾಧ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ನಡೆದಾಗ ಮಾತ್ರ ಅದಕ್ಕೆ "ಹುಡುಗಿ ಕಡೆಯವರು ಪ್ರೀತಿಯಿಂದ ಕೊಟ್ಟದ್ದು" ಅಂತ ಹೆಸರು. ದಶಮಾಂಶದ (ದುಡಿಮೆಯ ಹತ್ತರಲ್ಲೊಂದು ಪಾಲು ಕಾಣಿಕೆ ಕೊಡುವುದರ) ಪಾಠ ಇದಾದ ಮೇಲೆ ಸಾಕು. ಸಾಲದಲ್ಲಿ ಮುಳುಗಿದವನ ಮುಂದೆ ಮೊದಲು ದಶಮಾಂಶದ ತಟ್ಟೆ ಹಿಡಿದರೆ ನಿಮ್ಮ ಮೇಲಿನ ನಂಬಿಕೆ ಅಂದೇ ಮುಗಿಯಿತು.

ಕುಡಿತದ ವಿಷಯದಲ್ಲಿ ಒಂದು ಎಚ್ಚರಿಕೆ, ಜೀವದ ಪ್ರಶ್ನೆ ಇದು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ಭ್ರಮೆ, ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಉಪವಾಸ ಪ್ರಾರ್ಥನೆಗೆ ಕೂರಿಸಿ ಅವನು ನಡುಗುವುದನ್ನು ದೆವ್ವ ಅಂದುಕೊಂಡು ಬಿಡಿಸಲು ಹೋದವರನ್ನು ನೋಡಿದ್ದೇನೆ. ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಂಚದ ಪಕ್ಕ ಕೂತು ಪ್ರಾರ್ಥಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಾನಸಿಕ ಕಾಯಿಲೆಗೆ ಮಾತ್ರೆ ತಿನ್ನುತ್ತಿರುವವರಿಗೆ "ವಿಶ್ವಾಸವಿದ್ದರೆ ಮಾತ್ರೆ ಬಿಡು" ಅಂತ ನಿಮ್ಮ ಸಭೆಯಲ್ಲಿ ಯಾರಾದರೂ ಹೇಳುತ್ತಿದ್ದರೆ ಆ ಬಾಯಿ ಮುಚ್ಚಿಸುವುದು ನಿಮ್ಮ ಕೆಲಸ.

ಜಾತಿಯ ಬಗ್ಗೆ ನಾವು ಬಹಳ ಸುಳ್ಳು ಹೇಳುತ್ತೇವೆ. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಅನ್ನುವ ಗಲಾತ್ಯ 3:28 ಗೋಡೆಯ ಮೇಲೆ ಬರೆಸಿರುತ್ತೇವೆ, ಮದುವೆ ಸಂಬಂಧ ಬಂದಾಗ "ನಮ್ಮವರೇ ಏನ್ರಿ?" ಅಂತ ಕೇಳುತ್ತೇವೆ. ಬಡವ ಬಲ್ಲಿದ ಅಂತ ಪಕ್ಷಪಾತ ಬೇಡ ಅನ್ನುವ ಯಾಕೋಬ 2ರ ಮೊದಲ ನಾಲ್ಕು ವಚನ ಓದಿ, ಕಳೆದ ತಿಂಗಳು ನೀವು ಯಾರ ಮನೆಯಲ್ಲಿ ಊಟ ಮಾಡಿದಿರಿ, ನಿಮ್ಮ ಮನೆಯಲ್ಲಿ ಯಾರು ಊಟ ಮಾಡಿದರು ಅಂತ ಪಟ್ಟಿ ಮಾಡಿಸಿ. ನಾನು ಉಪದೇಶ ಸೇರಿಸಲೇಬೇಕಾಗಲಿಲ್ಲ. ಆ ಪಟ್ಟಿಯನ್ನು ನೋಡಿ ನಾಲ್ವರೂ ಸುಮ್ಮನಾದೆವು.

ಹಂತ 7: ಕೆಲಸ ಒಪ್ಪಿಸಿ

ಎಡೆಕುಂಟೆ ಹೊಡೆಯುವುದನ್ನು ಮಗನಿಗೆ ಹೇಗೆ ಕಲಿಸುತ್ತಾರೆ? ಮೊದಲು ಅವನು ಪಕ್ಕದಲ್ಲಿ ನಡೆಯುತ್ತಾನೆ. ಆಮೇಲೆ ಅಪ್ಪನ ಕೈ ಮೇಲೆ ಅವನ ಕೈ. ಆಮೇಲೆ ಅವನ ಕೈ ಮೇಲೆ ಅಪ್ಪನ ಕೈ. ಒಂದು ದಿನ ಅಪ್ಪ ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕುತ್ತಾ ನೋಡುತ್ತಾನೆ. ಎರಡು ಸಾಲು ಬೆಳೆ ಹಾಳಾದರೂ ಎದ್ದು ಹೋಗುವುದಿಲ್ಲ.

ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವಾಗ ಒಬ್ಬನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ. ಎರಡು ತಿಂಗಳ ನಂತರ ಪ್ರಾರ್ಥನೆ ಅವನು ಮಾಡಲಿ. ಮತ್ತೆರಡು ತಿಂಗಳಿಗೆ ಇಬ್ಬಿಬ್ಬರಾಗಿ ಅವರೇ ಹೋಗಲಿ, ಯೇಸು ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರಾಗಿ ಕಳಿಸಿದ ಹಾಗೆ (ಲೂಕ 10:1). ಸಂಡೇ ಸ್ಕೂಲ್, ಸತ್ತ ಮನೆಗೆ ಹೋಗಿ ಕೂರುವುದು, ರೇಷನ್ ಕಾರ್ಡಿನ ಅರ್ಜಿ ತುಂಬಿಕೊಡುವುದು, ಎಲ್ಲವೂ ಸೇವೆಯೇ. ಎರಡು ಸಾಲು ಹಾಳಾಗುತ್ತದೆ, ಆಗಲಿ. ನಮ್ಮ ಹುಡುಗನೊಬ್ಬ ಸತ್ತ ಮನೆಯಲ್ಲಿ ಹೆದರಿ ಮದುವೆಯ ಪ್ರಾರ್ಥನೆಯ ಮಾತುಗಳನ್ನೇ ಅರ್ಧ ಹೇಳಿಬಿಟ್ಟ. ಮನೆಯವರು ಕ್ಷಮಿಸಿದರು. ಅವನು ಈಗ ಮುಂಚಿತವಾಗಿ ಚೀಟಿ ಬರೆದುಕೊಂಡು ಹೋಗುತ್ತಾನೆ.

ಹಂತ 8: ಗುಳೆ ಹೋದವರ ಕೈ ಬಿಡಬೇಡಿ

ಬಸ್ ಹತ್ತುವ ಮೊದಲು ಮೂರು ಕೆಲಸ ಮಾಡಿ: ಎಲ್ಲಿಗೆ, ಯಾವ ಮೇಸ್ತ್ರಿಯ ಕೆಳಗೆ, ಯಾವಾಗ ವಾಪಸ್ ಅಂತ ಬರೆದಿಟ್ಟುಕೊಳ್ಳಿ, ಮೊಬೈಲಿಗೆ ಧ್ವನಿ ಬೈಬಲ್ ಇಳಿಸಿಕೊಡಿ, ಆ ಸೈಟಿನ ಹತ್ತಿರ ಇರುವ ಕನ್ನಡ ಸಭೆಯೊಂದನ್ನು ವಿಚಾರಿಸಿ ಹೇಳಿಕಳಿಸಿ. ಬೆಂಗಳೂರಿನ ದೊಡ್ಡ ಚರ್ಚಿಗೆ ಸೈಟಿನ ಬಟ್ಟೆಯಲ್ಲಿ ಹೋಗಲು ನಮ್ಮವರು ಹಿಂಜರಿಯುತ್ತಾರೆ. ಆದ್ದರಿಂದ ಶೆಡ್ಡಿನಲ್ಲೇ ಇಬ್ಬರು ಮೂವರು ಕೂಡಿ ಅದೇ ನಾಲ್ಕು ಪ್ರಶ್ನೆ ಹಿಡಿದು ಕೂರಲಿ. ನೀವು ವಾರಕ್ಕೊಂದು ಧ್ವನಿ ಸಂದೇಶ ಕಳಿಸಿ, ಎರಡು ನಿಮಿಷ ಮೀರದಂತೆ. ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ ವಚನ ಕಳಿಸುವುದನ್ನು ಶಿಷ್ಯತ್ವ ಅಂದುಕೊಳ್ಳಬೇಡಿ.

ಹಂತ 9: ಬೆಳೆದದ್ದು ಹೇಗೆ ತಿಳಿಯುತ್ತದೆ

ಮಾರ್ಕ 4ರಲ್ಲಿ ಬೀಜ ಬಿತ್ತಿದವನು ರಾತ್ರಿ ಮಲಗಿ ಹಗಲು ಏಳುತ್ತಿರುವಾಗ ಅದು ಅವನಿಗೆ ತಿಳಿಯದ ಹಾಗೆ ಬೆಳೆಯುತ್ತದೆ: ಮೊದಲು ಗರಿ, ಆಮೇಲೆ ತೆನೆ, ಆಮೇಲೆ ಕಾಳು. ಗರಿ ಬಂದ ದಿನವೇ ಕಾಳು ಹುಡುಕಬೇಡಿ. ಆದರೂ ನೋಡಲು ಕೆಲವು ಗುರುತುಗಳಿವೆ. ಹೆಂಡತಿಯನ್ನು ಕೇಳಿ, ಮನೆಯಲ್ಲಿ ದನಿ ತಗ್ಗಿದೆಯಾ ಅಂತ. ಕೂಲಿ ಕೊಡುವ ದಣಿಯ ಮಾತು ಕೇಳಿಸಿಕೊಳ್ಳಿ. ತಪ್ಪು ಮಾಡಿದಾಗ ನೆಪ ಹೇಳುತ್ತಾನೋ, ಕ್ಷಮೆ ಕೇಳುತ್ತಾನೋ ನೋಡಿ. ಪಾಸ್ಟರ್ ಊರಲ್ಲಿ ಇಲ್ಲದ ವಾರ ಕೂಟ ನಡೆಯಿತೋ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅವನು ತನ್ನ ಪಕ್ಕ ಇನ್ನೊಬ್ಬನನ್ನು ಕೂರಿಸಿಕೊಂಡಿದ್ದಾನೋ ನೋಡಿ.

ಎಡವುವವರೂ ಇರುತ್ತಾರೆ. ನಮ್ಮ ಮೂವರಲ್ಲಿ ಒಬ್ಬ ಎಂಟನೇ ತಿಂಗಳಿಗೆ ಮತ್ತೆ ಇಸ್ಪೀಟಿಗೆ ಹೋದ. ಸಭೆಯ ಮುಂದೆ ನಿಲ್ಲಿಸಿ ಅಂತ ಹಿರಿಯರ ಒತ್ತಾಯವಿತ್ತು. ನಾವು ತಪ್ಪಿದವನನ್ನು ಮೃದುವಾಗಿ ತಿದ್ದಿರಿ ಅನ್ನುವ ಗಲಾತ್ಯ 6:1 ಓದಿ, ಅವನ ಮನೆಗೆ ಹೋಗಿ ಕೂತೆವು. ಇನ್ನೂ ಪೂರ್ತಿ ಎದ್ದಿಲ್ಲ. ನಿಮ್ಮ ನೆರಳಾಗಿಯೇ ಉಳಿಯುವವರು ಇನ್ನೊಂದು ಬಗೆ: ನಿಮ್ಮ ಬ್ಯಾಗ್ ಹಿಡಿಯುತ್ತಾರೆ, ನಿಮ್ಮ ಹಾಗೇ ಕೆಮ್ಮುತ್ತಾರೆ, ನಿಮ್ಮನ್ನು ಕೇಳದೆ ಎಮ್ಮೆ ಕೂಡ ಮಾರುವುದಿಲ್ಲ. ಇದು ಪಾಸ್ಟರಿಗೆ ಬಹಳ ಹಿತವಾಗಿರುತ್ತದೆ, ಅದೇ ಅಪಾಯ. ಅಂಥವರಿಗೆ ಬೇಗ ಹೊಣೆ ಕೊಟ್ಟು ದೂರದ ಊರಿನ ಮನೆಕೂಟಕ್ಕೆ ಕಳಿಸಿ.

ವರ್ಷ ತುಂಬಿದ ವಾರ ಸರದಿ ನನ್ನ ಮನೆಯದು. ಅಂದು ಎರಡನೆಯ ಸಲ ಜಕ್ಕಾಯನ ಕಥೆ ತೆಗೆದುಕೊಂಡಿದ್ದೆವು. ಕೂಟ ನಡೆಸಿದವನು ಹಿರಿಯರ ಕಿರಿಯ ಮಗ. ಮೂರನೇ ಪ್ರಶ್ನೆಗೆ ಎಲ್ಲರೂ ಉತ್ತರ ಹೇಳಿದರು. ಅವನು ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದ.

"ಪಾಸ್ಟ್ರೇ, ಒಂದು ಕೇಳ್ಲೇನ್ರಿ? ಅಣ್ಣನ ಮದುವಿ ಪ್ರಾರ್ಥನಿಗೆ ಬಂದಾಗ ಬಂಗಾರದ ಸುದ್ದಿ ನಿಮ್ಮ ಮುಂದೇ ಆಗಿತ್ತು. ಅವತ್ತು ನೀವ್ಯಾಕ ಸುಮ್ಮನಿದ್ರಿ?"

ಚಹಾ ತರುತ್ತಿದ್ದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು.

"ಹೆದರಿಕಿ ಇತ್ತಪ್ಪಾ" ಅಂದೆ. "ನಿಮ್ಮಪ್ಪ ಮುನಿಸಿಕೊಂಡ್ರ ಸಭೆ ಒಡೀತದ ಅಂತ ಹೆದರಿದೆ."

ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತು ಬಿಟ್ಟು, ಒಂದು ವರ್ಷದಿಂದ ನಾನು ಅವರನ್ನು ಕೇಳುತ್ತಿದ್ದ ದನಿಯಲ್ಲೇ ಕೇಳಿದ: "ಹಂಗಾರ ಮುಂದಿನ ವಾರದೊಳಗ ಏನ್ ಮಾಡ್ತೀರಿ?"

ಗುರುವಾರ ಸಂಜೆ ಹಿರಿಯರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕಾಣಿಕೆ ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. "ಬರ್ರಿ ಪಾಸ್ಟ್ರೇ, ಪ್ರಾರ್ಥನಿ ಐತೇನು?" ಅಂದರು. "ಇಲ್ಲರಿ" ಅಂದೆ, "ಒಂದು ಕ್ಷಮೆ ಕೇಳಬೇಕಾಗೈತಿ." ಅವರು ಪುಸ್ತಕ ಮುಚ್ಚಿ, ಚಾಪೆ ಹಾಸಿದರು.